ಆಲ್ಬಾದ ಆ ಹಿರಿಯರಿಗೆ

ಇಟಲಿಯ ಆಲ್ಬಾ ಊರಲ್ಲಿ ನಾನು ಬಾಟಲಿಗೆ ನೀರು ತುಂಬಿಸುವಾಗ ಮ್ಯಾಪ್ ಇಸ್ಕೊಂಡು ಅದರ ಮೇಲೆ ಗೆರೆ ಎಳೆದುಕೊಟ್ಟ ಹಿರಿಯರೇ, ತುಂಬಾ ಥ್ಯಾಂಕ್ಸ್. ಹೆಸರು ಕೇಳುವುದಕ್ಕೂ ಮರೆತೆ.

ಫೋನ್ ಹೇಳಿದ ದಾರಿಯಲ್ಲೇ ಹೋಗಿದ್ದರೆ ದಿನವಿಡೀ ಲಾರಿಗಳ ಜೊತೆ ಇರುತ್ತಿದ್ದೆ. ನೀವು ತಲೆ ಅಲ್ಲಾಡಿಸಿ, ಸೆರ್ರಾಲುಂಗಾದ ಗುಡ್ಡದ ನೆತ್ತಿಯ ಮೇಲೆ ಹೋಗು, ಆಮೇಲೆ ರೊದ್ದೀನೊ, ಮೊನ್‌ಫೋರ್ತೆ, ಬರೋಲೊ, ಕೊನೆಗೆ ಲಾ ಮೊರ್ರಾ ಅಂತ ಕೈಯಲ್ಲೇ ಏರು ಇಳಿವು ತೋರಿಸಿದಿರಿ, ನನಗೆ ಬರುವ ಇಟಾಲಿಯನ್ 'ಗ್ರಾತ್ಸಿಯೆ' (ಥ್ಯಾಂಕ್ಸ್) ಅಷ್ಟೇ ಅಲ್ವಾ. ಏರು ಮಾತ್ರ ನಿಮ್ಮ ಕೈ ತೋರಿಸಿದ್ದಕ್ಕಿಂತ ಜಾಸ್ತಿಯೇ ಇತ್ತು ಬಿಡಿ! ಲಾ ಮೊರ್ರಾ ಊರಿನ ಎತ್ತರವೇ 500 ಮೀಟರ್ ದಾಟುತ್ತದೆ, ಕಾಲು ನಡುಗುತ್ತಿತ್ತು.

ಆದರೆ ಎಂಥಾ ದಾರಿ! ಎರಡೂ ಕಡೆ ನೆಬ್ಬಿಯೋಲೊ ದ್ರಾಕ್ಷಿಯ ಸಾಲು, ಮೇಲಕ್ಕೆ ಹೋದಂತೆ ಹೇಜಲ್‌ನಟ್ ತೋಟ, ಅಪರೂಪಕ್ಕೊಂದು ಟ್ರ್ಯಾಕ್ಟರ್. ಬರೋಲೊ ದಾಟಿದ ಮೇಲೆ ನೀವು ಹಾಕಿದ್ದ ಗುಣಿಸು ಚಿಹ್ನೆ ನೀರಿನ ನಲ್ಲಿ ಅಂದುಕೊಂಡಿದ್ದೆ. ನೋಡಿದರೆ ಬ್ರುನಾತೆ ದ್ರಾಕ್ಷಿ ತೋಟದ ಬಣ್ಣಬಣ್ಣದ ಚಾಪೆಲ್, ಅಂದರೆ ಪುಟ್ಟ ಚರ್ಚು! 1999ರಲ್ಲಿ ಇಬ್ಬರು ಕಲಾವಿದರು ಬಣ್ಣ ಬಳಿದದ್ದಂತೆ. ಅದರ ನೆರಳಲ್ಲಿ ಸುಮ್ನೆ ಅರ್ಧ ಗಂಟೆ ಕೂತೆ.

ನಿಮ್ಮ ಪೆನ್ನು ನನ್ನ ಹತ್ತಿರವೇ ಉಳಿದುಬಿಟ್ಟಿದೆ.