ಭಾನುವಾರದ ಮಾತುಕತೆ: ಹಳದಿ ಲೋಳೆ, ಟೋಕಿಯೋ ರೈಲು

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಸಂಜೆ 6ಕ್ಕೆ ಸ್ಲೈಮ್ ಮೋಲ್ಡ್ ಬಗ್ಗೆ ಮಾತಾಡೋಣ. ಕೊಳೆತ ಎಲೆ, ಒದ್ದೆ ಮರದ ಮೇಲೆ ಲೋಳೆಯ ಹಾಗೆ ಹರಡುವ ಜೀವಿ ಇದು. ಮಿದುಳಿಲ್ಲ, ನರವಿಲ್ಲ. ನಾವು ಮಾತಾಡುವ ಹಳದಿ ಜಾತಿಯಂತೂ ಎಷ್ಟೇ ಹರಡಿದರೂ ಒಂದೇ ಜೀವಕೋಶ!

2010ರಲ್ಲಿ ಜಪಾನ್ ಮತ್ತು ಬ್ರಿಟನ್ನಿನ ಸಂಶೋಧಕರು 'ಸೈನ್ಸ್' ಪತ್ರಿಕೆಯಲ್ಲಿ ಒಂದು ಪ್ರಯೋಗದ ಬಗ್ಗೆ ಬರೆದರು. ನಕ್ಷೆಯಲ್ಲಿ ಟೋಕಿಯೋ ಇರುವ ಕಡೆ ಈ ಜೀವಿಯನ್ನಿಟ್ಟರು. ಸುತ್ತಲಿನ 36 ಊರುಗಳ ಜಾಗದಲ್ಲಿ ಅದಕ್ಕೆ ತಿನ್ನಲು ಓಟ್ಸ್ ಚೂರುಗಳು. ಇದಕ್ಕೆ ಬೆಳಕು ಆಗುವುದಿಲ್ಲ. ಹಾಗಾಗಿ ಬೆಟ್ಟ, ನೀರು ಇರುವ ಕಡೆ ಬೆಳಕು ಬಿಟ್ಟರು. ಮೊದಲು ಅದು ಎಲ್ಲ ಕಡೆ ಹರಡಿತು. ಆಮೇಲೆ ಬೇಡದ ಎಳೆಗಳನ್ನು ಒಂದೊಂದಾಗಿ ಕೈಬಿಟ್ಟಿತು. ಸುಮಾರು ಒಂದು ದಿನದಲ್ಲಿ ಉಳಿದ ಜಾಲ ಅಲ್ಲಿನ ನಿಜವಾದ ರೈಲು ಜಾಲವನ್ನೇ ಹೋಲುತ್ತಿತ್ತು.

ನನಗೆ ಇಷ್ಟವಾದದ್ದು ಇದರ ಹಿಂದಿನ ಲೆಕ್ಕ. ಜಾಸ್ತಿ ರಸ ಹರಿಯುವ ಕೊಳವೆ ದಪ್ಪಗಾಗುತ್ತದೆ, ಕಡಿಮೆ ಹರಿಯುವುದು ಸಣ್ಣಗಾಗಿ ಮಾಯವಾಗುತ್ತದೆ. ಅಷ್ಟೇ. ಇದನ್ನೇ ಸಮೀಕರಣ ಮಾಡಿ ಕಂಪ್ಯೂಟರಿಗೆ ಕೊಟ್ಟಾಗಲೂ ಅಂಥದ್ದೇ ಜಾಲ ಬಂತು. ಖರ್ಚು, ವೇಗ, ಒಂದು ದಾರಿ ಕಡಿದರೆ ಇನ್ನೊಂದು ಇರುವುದು: ಮೂರನ್ನೂ ತೂಗುವುದು ನೆಟ್‌ವರ್ಕ್ ಕಟ್ಟುವವರ ನಿತ್ಯದ ತಲೆನೋವು ಅಲ್ವಾ?

'ಎಂಜಿನಿಯರ್‌ಗಳನ್ನು ಸೋಲಿಸಿದ ಲೋಳೆ' ಅಂತ ಸುಮ್ನೆ ಫಾರ್ವರ್ಡ್ ಮಾಡಬೇಡಿ. ಸರಿಸಮ ಅಂತಷ್ಟೇ ಆ ಸಂಶೋಧಕರು ಹೇಳಿದ್ದು. ಜಮೀನಿನ ಬೆಲೆ, ಜನರ ತಕರಾರು ಲೋಳೆಗೆ ಇರಲಿಲ್ಲ.

ಗ್ರಾಫ್ ಥಿಯರಿ (ಬಿಂದು, ಗೆರೆಗಳ ಜಾಲದ ಗಣಿತ) ಗೊತ್ತಿರುವವರು ಹತ್ತು ನಿಮಿಷ ಮಾತಾಡಲು ಸಿದ್ಧರಿದ್ದರೆ ಶುಕ್ರವಾರದೊಳಗೆ ಇಲ್ಲೇ ತಿಳಿಸಿ.