ಮೊದಲು ಕೂಲಿ ಎಷ್ಟು ಅಂತ ನೋಡು

ಬೆಂಗಳೂರು

ಪುಟ್ಟಿ,

ಕಷ್ಟಕಾಲದ ರಾಜಕೀಯವನ್ನು ಕಥೆ, ಸಿನಿಮಾಗಳು ಹೇಗೆ ತೋರಿಸುತ್ತವೆ ಅಂತ ಪ್ರಬಂಧ ಬರೀತಿದ್ದೀಯಲ್ಲ, ಭಾಷಣದ ದೃಶ್ಯಗಳನ್ನು ಹುಡುಕಿಕೊಂಡು ಹೋಗಬೇಡ. ಎಲ್ಲರೂ ಎಡವೋದು ಅಲ್ಲೇ. ಬಾವುಟ, ಘೋಷಣೆ ಬೇಗ ಕಣ್ಣಿಗೆ ಬೀಳುತ್ತವೆ, ಆದರೆ ರಾಜಕೀಯ ಇರೋದು ಕೂಲಿ ಬಟವಾಡೆಯಲ್ಲಿ, ಸಾಲದ ಲೆಕ್ಕದಲ್ಲಿ. ಸಿನಿಮಾ ಎರಡು ಸಲ ನೋಡು. ಮೊದಲ ಸಲ ಸುಮ್ಮನೆ. ಎರಡನೇ ಸಲ ಪೆನ್ನು ಹಿಡಿ: ದುಡ್ಡು ಯಾರ ಕೈಯಿಂದ ಯಾರ ಕೈಗೆ ಹೋಯ್ತು, ಎಷ್ಟು, ಆಗ ಯಾರು ಕೂತಿದ್ದರು, ಯಾರು ನಿಂತಿದ್ದರು.

ಅಮೆರಿಕದ ಲೇಖಕ ಸ್ಟೈನ್‌ಬೆಕ್‌ನ ಕಾದಂಬರಿ ‘ದಿ ಗ್ರೇಪ್ಸ್ ಆಫ್ ರಾತ್’ (1939) ತಗೋ. ನೆಲ ಕಳೆದುಕೊಂಡ ರೈತ ಕುಟುಂಬವೊಂದು ಕೂಲಿ ಹುಡುಕಿಕೊಂಡು ಕ್ಯಾಲಿಫೋರ್ನಿಯಾಕ್ಕೆ ಹೋಗೋ ಕಥೆ. ಪೀಚ್ ತೋಟದಲ್ಲಿ ಮುಷ್ಕರ ಇರುವಾಗ ಒಳಗೆ ಹೋಗಿ ಹಣ್ಣು ಕಿತ್ತವರಿಗೆ ಪೆಟ್ಟಿಗೆಗೆ 5 ಸೆಂಟ್. ಮುಷ್ಕರ ಮುರಿದ ಮೇಲೆ ಅದೇ ಪೆಟ್ಟಿಗೆಗೆ ಎರಡೂವರೆ. ಈ ಎರಡು ಅಂಕಿ ಬರೆದರೆ ‘ಶೋಷಣೆ’ ಅನ್ನೋ ಪದವೇ ಬೇಡ.

ಆಮೇಲೆ ಕಾದಂಬರಿಯ ಒಂದೊಂದು ಘಟನೆಗೆ ಒಂದೊಂದು ಚೀಟಿ ಮಾಡಿ ನೆಲದ ಮೇಲೆ ಸಾಲಾಗಿಡು. ಪಕ್ಕದಲ್ಲಿ ಜಾನ್ ಫೋರ್ಡ್‌ನ 1940ರ ಸಿನಿಮಾದ ಚೀಟಿಗಳು. ಕಾದಂಬರಿಯಲ್ಲಿ ಮೊದಲು ವಲಸೆ ಕೂಲಿಗಾರರಿಗೆ ಸರ್ಕಾರ ನಡೆಸುವ ಶಿಬಿರ, ಆಮೇಲೆ ಪೀಚ್ ತೋಟ, ಕೊನೆಗೆ ಪ್ರವಾಹ. ಸಿನಿಮಾದಲ್ಲಿ ತೋಟ ಮೊದಲು, ಶಿಬಿರ ಆಮೇಲೆ. ಪ್ರವಾಹ ಇಲ್ಲವೇ ಇಲ್ಲ. ಕಾದಂಬರಿಯಲ್ಲಿ ನಾಲ್ಕು ದಿನದ ನೆಮ್ಮದಿಯಾಗಿದ್ದ ಸರ್ಕಾರ ಇಲ್ಲಿ ಪರಿಹಾರವೇ ಆಗಿಬಿಡ್ತು. ಸಂಭಾಷಣೆ ಬದಲಿಸದೆಯೂ ರಾಜಕೀಯ ಬದಲಿಸಬಹುದು ನೋಡು.

ಎಂ.ಎಸ್. ಸತ್ಯು ಅವರ ಸಿನಿಮಾ ‘ಬರ’ (1982) ನೋಡುವಾಗ ಒಣಗಿದ ನೆಲಕ್ಕಿಂತ ಕಚೇರಿಯ ಕಡೆ ಗಮನ ಇರಲಿ. ಜಿಲ್ಲೆ ಬರಪೀಡಿತ ಅಂತ ಘೋಷಣೆ ಆಗೋವರೆಗೂ ಸರ್ಕಾರದ ಲೆಕ್ಕದಲ್ಲಿ ಅಲ್ಲಿ ಬರವೇ ಇಲ್ಲ.

ಇನ್ನು ‘ಚೋಮನ ದುಡಿ’, ಸ್ವಂತಕ್ಕೆ ಹೊಲ ಉಳಬೇಕು ಅಂತ ಆಸೆಪಡುವ ದಲಿತ ಜೀತಗಾರ ಚೋಮನ ಕಥೆ. ಶಿವರಾಮ ಕಾರಂತರ ಕಾದಂಬರಿ 1933ರದ್ದು, ಬಿ.ವಿ. ಕಾರಂತರ ಸಿನಿಮಾ 1975ರದ್ದು. (ಇಬ್ಬರು ಕಾರಂತರನ್ನು ಒಬ್ಬರೇ ಮಾಡಿ ಬರೆಯುವವರೂ ಇದ್ದಾರೆ, ಹುಷಾರು.) ಪುಸ್ತಕ ಕಬ್ಬನ್ ಪಾರ್ಕಿನ ಲೈಬ್ರರಿಯಲ್ಲಿ ಸಿಗದಿದ್ದರೆ ಅವೆನ್ಯೂ ರಸ್ತೆಯಲ್ಲಿ ವಿಚಾರಿಸು. ಎರಡು ಇಸವಿಗಳ ನಡುವೆ 1974 ಅಂತ ಬರಕೋ: ಕರ್ನಾಟಕದ ಭೂಸುಧಾರಣಾ ಕಾನೂನಿನ ತಿದ್ದುಪಡಿ ಜಾರಿಗೆ ಬಂದ ವರ್ಷ. ‘ಉಳುವವನೇ ಹೊಲದೊಡೆಯ’ ಅನ್ನೋ ಮಾತು ಕಿವಿಯಲ್ಲಿರುವಾಗಲೇ ಜನ ಚೋಮನನ್ನು ತೆರೆಯ ಮೇಲೆ ನೋಡಿದ್ದು. ಆ ಕಾನೂನು ಮುಖ್ಯವಾಗಿ ಭೂಮಿ ಕೊಟ್ಟಿದ್ದು ಗೇಣಿದಾರನಿಗೆ, ಅಂದರೆ ಬೇರೆಯವರ ಹೊಲವನ್ನು ಗೇಣಿ ಕೊಟ್ಟು ಉಳುತ್ತಿದ್ದವನಿಗೆ. ಚೋಮನ ಹತ್ತಿರ ಎತ್ತಿದ್ದವು, ಗೇಣಿ ಎಲ್ಲಿತ್ತು? ಜಾತಿ ನೋಡಿ ಅದನ್ನೂ ಕೊಡಲಿಲ್ಲವಲ್ಲ. ನಿನ್ನ ಪ್ರಬಂಧದ ಮೊದಲ ಪ್ಯಾರಾ ಇಲ್ಲಿಂದಲೇ ಶುರುವಾಗಲಿ.

ಅಮ್ಮ