ಅಳುವಿನ ನಡುವೆ ಹೇಳಿದ ಮಾತು

ಪ್ರೀತಿಯ ತಂಗಿ,

ಸೇತುವೆ ಕುಸಿದ ಬಗ್ಗೆ ನೀನು ಬರೆದ ವರದಿಯನ್ನು ಎರಡು ಸಲ ಓದಿದೆ. ಓದಿಸಿಕೊಂಡು ಹೋಗುತ್ತದೆ. 'ಎದೆ ಝಲ್ಲೆನಿಸುವ' ಅನ್ನೋ ಮಾತು ಮೂರು ಕಡೆ ಇದೆ. ಮಗನನ್ನು ಕಳೆದುಕೊಂಡ ತಾಯಿಯ ಅಳುವಿಗೆ ನಾಲ್ಕು ಪ್ಯಾರಾ. ಆದರೆ ಸೇತುವೆ ಕಟ್ಟಿ ಎಷ್ಟು ವರ್ಷವಾಗಿತ್ತು, ಕೊನೆಯ ಸಲ ತಪಾಸಣೆ ಮಾಡಿದವರು ಯಾರು, ಎಲ್ಲೂ ಇಲ್ಲ.

ತಪ್ಪು ನಿನ್ನೊಬ್ಬಳದಲ್ಲ. 1930ರ ಏಪ್ರಿಲ್ 18ರಂದು ಬಿಬಿಸಿ ರೇಡಿಯೊದಲ್ಲಿ ವಾರ್ತೆಯ ಹೊತ್ತಿಗೆ 'ಸುದ್ದಿ ಏನೂ ಇಲ್ಲ' ಅಂದರು. ಉಳಿದ ಹೊತ್ತು ಪಿಯಾನೊ ನುಡಿಸಿದರು. 1980ರಲ್ಲಿ ಅಮೆರಿಕದಲ್ಲಿ ಸಿಎನ್‌ಎನ್ ಅನ್ನೋ ಟಿವಿ ಚಾನೆಲ್ ಶುರುವಾಯಿತು, ದಿನದ 24 ಗಂಟೆಯೂ ಸುದ್ದಿ. ಅಷ್ಟು ಹೊತ್ತು ತುಂಬಿಸಬೇಕಲ್ಲ! ವರದಿಗಾರರನ್ನು ಹೊರಗೆ ಕಳಿಸಿದರೆ ಖರ್ಚು, ಕೆಲವೊಮ್ಮೆ ವಾರಗಟ್ಟಲೆ ಕಾಯಬೇಕು. ನಾಲ್ಕು ಜನರನ್ನು ಕೂರಿಸಿ ಜಗಳವಾಡಿಸೋದು ಅಗ್ಗ. ಜನ ಕಣ್ಣು ಕೀಳದೆ ನೋಡುತ್ತಾರೆ, ಜಾಹೀರಾತೂ ಬರುತ್ತದೆ. ಈಗ ಅದೇ ಲೆಕ್ಕ ಫೋನಿಗೆ ಬಂದಿದೆ, ಕ್ಲಿಕ್ಕುಗಳ ರೂಪದಲ್ಲಿ.

ನಾನೂ ಇದನ್ನು ಮಾಡಿದ್ದೇನೆ. ಕಟ್ಟಡದ ಮೇಲಿಂದ ಬಿದ್ದು ಸತ್ತ ಕಾರ್ಮಿಕನ ಹೆಂಡತಿ ಮಾತಾಡಿದ ವಿಡಿಯೊಗೆ ಪಿಟೀಲು ಸೇರಿಸಿದ್ದೆ. ತುಂಬಾ ಜನ ನೋಡಿದರು. ಮರುದಿನ ಆಕೆ ಫೋನ್ ಮಾಡಿದರು. 'ನಾನು ಹೇಳಿದ್ದು ಕೇಳಿಸಲೇ ಇಲ್ಲವಲ್ಲ ಸಾರ್' ಅಂದರು. ಮೂಲ ವಿಡಿಯೊ ತೆಗೆದು ಮತ್ತೆ ಕೇಳಿದೆ. ಗಂಡನಿಗೆ ಸೇಫ್ಟಿ ಬೆಲ್ಟ್ ಕೊಟ್ಟಿರಲಿಲ್ಲ ಅಂತ ಆಕೆ ಅಳುತ್ತಲೇ ಹೇಳಿದ್ದರು. ಸುದ್ದಿ ಅದೇ ಆಗಿತ್ತು. ನನ್ನ ಪಿಟೀಲು ಅದನ್ನು ಮುಚ್ಚಿಹಾಕಿತ್ತು. ಇಷ್ಟು ವರ್ಷವಾದರೂ ಆ ದನಿ ಕಿವಿಯಿಂದ ಹೋಗಿಲ್ಲ.

ಅದಕ್ಕೇ ನಿನ್ನ ಒಂಬತ್ತನೇ ಪ್ಯಾರಾ ಓದಿ ಎದ್ದು ಕೂತೆ. ಆ ತಾಯಿ 'ಎರಡು ತಿಂಗಳಿಂದ ಬಿರುಕು ಕಾಣ್ತಿತ್ತು' ಅಂದಿದ್ದಾರೆ. ಅದನ್ನು ನೀನು ಸುಮ್ನೆ ದಾಟಿ ಹೋಗಿದ್ದೀಯ! ಅದನ್ನು ಮೊದಲ ಸಾಲಿಗೆ ತಾ. ಅಳು ಪೂರ್ತಿ ತೆಗೆಯಬೇಡ, ಅದೂ ನಿಜವೇ ಅಲ್ವಾ? ಎರಡು ಸಾಲು ಸಾಕು. ಬಿರುಕಿನ ಬಗ್ಗೆ ಯಾರಿಗಾದರೂ ದೂರು ಕೊಟ್ಟಿದ್ದರಾ, ಉತ್ತರ ಬಂತಾ, ಹೋಗಿ ಕೇಳು. ತಪಾಸಣೆಯ ಕಡತ ಕೊಡದಿದ್ದರೆ, ಕೊಡಲಿಲ್ಲ ಅಂತಲೇ ಬರಿ.

ನಾಳೆ ಹೊಸದೇನೂ ಸಿಗದಿದ್ದರೆ ಸಂಪಾದಕರಿಗೆ ಹಾಗೇ ಹೇಳು. ಕಷ್ಟ, ಗೊತ್ತು. ಆದರೂ ಹೇಳು. ತಿದ್ದಿದ್ದನ್ನು ಕಳಿಸು, ಎಷ್ಟು ಹೊತ್ತಾದರೂ ಓದುತ್ತೇನೆ.

ಇಂತಿ,
ನಿನ್ನ ಅಣ್ಣ